ಕಾರ್ಡಿಫ್‌ನ ಒಪೆರಾ, ದಾವಣಗೆರೆಯ ಕಂಪನಿ, ಜಗಳೂರಿನ ಜಾತ್ರೆ

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ನಿವೃತ್ತ ಶಿಕ್ಷಕ. ಮಗಳು ಬ್ರಿಟನ್ನಿನ ಕಾರ್ಡಿಫ್ ನಗರದಲ್ಲಿದ್ದಾಳೆ. ಅವಳ ಮನೆಗೆ ಹೋಗಿದ್ದಾಗ ವೆಲ್ಷ್ ನ್ಯಾಷನಲ್ ಒಪೆರಾ ಎಂಬ ಕಂಪನಿಯ ಪ್ರದರ್ಶನಕ್ಕೆ ಕರೆದುಕೊಂಡು ಹೋದಳು. ಹಾಡಿನ ಭಾಷೆ ತಿಳಿಯಲಿಲ್ಲ. ಆದರೆ ಪರದೆ ಏಳುತ್ತಿದ್ದಂತೆ ನೆನಪಾದದ್ದು ಚಿಕ್ಕಂದಿನಲ್ಲಿ ದಾವಣಗೆರೆಯಲ್ಲಿ ನೋಡಿದ ಕಂಪನಿ ನಾಟಕ. ನಮ್ಮ ನಾಟಕ ಕಂಪನಿಗಳನ್ನು ಒಪೆರಾಕ್ಕೆ ಹೋಲಿಸಬಹುದೇ? ಅವರದು ಉಳಿದು ನಮ್ಮದು ಸೊರಗಿದ್ದೇಕೆ? ಇನ್ನೊಂದು ಮಾತು: ನಮ್ಮೂರಿನ ಹುಡುಗರು ಮುಂದಿನ ಜಾತ್ರೆಗೆ ನಾಟಕ ಬೇಕೆನ್ನುತ್ತಿದ್ದಾರೆ. ಹೊರಗಿನ ತಂಡ ಕರೆಸುವುದು ಒಳ್ಳೆಯದೋ, ಊರವರೇ ಆಡುವುದೋ? ಇಷ್ಟು ಖರ್ಚು ಮಾಡಿದರೆ ಊರಿಗೇನು ಬಂತು ಎಂದು ಹಿರಿಯರು ಕೇಳುತ್ತಿದ್ದಾರೆ.

ಉತ್ತರ: ಮೇಷ್ಟ್ರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ: ಊರವರೇ ಆಡಲಿ. ಕೆಟ್ಟದಾಗಿ ಆಡಿದರೂ ಚಿಂತೆಯಿಲ್ಲ. ಏಕೆಂದು ಹೇಳಬೇಕಾದರೆ ನಿಮ್ಮ ಮಗಳಿರುವ ಊರಿಗೇ ಒಮ್ಮೆ ಹೋಗಿ ಬರಬೇಕು.

ನೀವು ನೋಡಿದ ಕಂಪನಿ ಹುಟ್ಟಿದ್ದು 1943ರಲ್ಲಿ, ಎರಡನೇ ಮಹಾಯುದ್ಧದ ನಡುವೆ. ಹುಟ್ಟುಹಾಕಿದವರಲ್ಲಿ ಮುಖ್ಯರಾದ ಇಡ್ಲಾಯ್ಸ್ ಓವೆನ್ ಕಲ್ಲಿದ್ದಲು ಗಣಿಯಿಂದ ಸಂಗೀತದ ಕಡೆಗೆ ಬಂದ ಮನುಷ್ಯ. 1946ರಲ್ಲಿ ಕಾರ್ಡಿಫ್‌ನಲ್ಲಿ ಮೊದಲ ಪ್ರದರ್ಶನಗಳಾದಾಗ ಮೇಳದಲ್ಲಿ ನಿಂತು ಹಾಡಿದವರು ಗಣಿ ಕಾರ್ಮಿಕರು, ಶಾಲಾ ಶಿಕ್ಷಕರು, ಅಂಗಡಿಗಳಲ್ಲಿ ಕೆಲಸ ಮಾಡುವವರು. ಹಗಲು ದುಡಿಮೆ, ಸಂಜೆ ತಾಲೀಮು. ಸಂಬಳವಿಲ್ಲ. ವೇಲ್ಸ್ ದೇಶದಲ್ಲಿ ಪ್ರಾರ್ಥನಾ ಮಂದಿರಗಳಲ್ಲಿ ಒಟ್ಟಾಗಿ ಹಾಡುವ ರೂಢಿ ತಲೆಮಾರುಗಳಿಂದ ಬಂದದ್ದು. ಆ ಗಂಟಲುಗಳನ್ನೇ ತಂದು ರಂಗದ ಮೇಲೆ ನಿಲ್ಲಿಸಿದರು. ಆ ಹವ್ಯಾಸಿ ಮೇಳದ ಹಾಡಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, 1952ರಲ್ಲಿ ಅವರು ಇಟಲಿಯ ಸಂಗೀತ ರಚನಕಾರ ವೆರ್ಡಿಯ ‘ನಬುಕ್ಕೊ’ ಎಂಬ ಒಪೆರಾ ಆಡಿದಾಗ ಹೊರಗಿನವರೂ ಆ ಮೇಳವನ್ನು ಕೇಳಲೆಂದೇ ಬರತೊಡಗಿದರು. ಕಂಪನಿಗೆ ಸ್ವಂತ ವಾದ್ಯವೃಂದ ಬಂದದ್ದು 1970ರಲ್ಲಿ. ಮೇಳ ಪೂರ್ತಿಯಾಗಿ ಸಂಬಳದವರದ್ದಾದದ್ದು 1973ರಲ್ಲಿ. ಅಂದರೆ ಮೂರು ದಶಕ ಕಾಲ ಅದು ಊರ ಜನ ಹಾಡುತ್ತಿದ್ದ ಕಂಪನಿಯೇ ಆಗಿತ್ತು. ನೀವು ಕೂತು ನೋಡಿದ ದೊಡ್ಡ ಕಟ್ಟಡ, ವೇಲ್ಸ್ ಮಿಲೆನಿಯಮ್ ಸೆಂಟರ್, ತೆರೆದದ್ದು 2004ರಲ್ಲಿ. ಕಟ್ಟಡ ಕೊನೆಗೆ ಬಂತು, ಹಾಡುವವರು ಮೊದಲೇ ಇದ್ದರು. ಇದನ್ನು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ: ನಮ್ಮಲ್ಲಿ ತಾಲ್ಲೂಕಿಗೊಂದು ರಂಗಮಂದಿರ ಕಟ್ಟಿ, ಉದ್ಘಾಟನೆಯ ಫಲಕ ಹಾಕಿ, ಆಮೇಲೆ ಅದರೊಳಗೆ ಮದುವೆ ಆರತಕ್ಷತೆ ಮಾಡುವವರು ಈ ಕ್ರಮವನ್ನು ತಲೆಕೆಳಗು ಮಾಡಿದ್ದಾರೆ.

ಇನ್ನು ಹೋಲಿಕೆ. ಒಪೆರಾದಲ್ಲಿ ಬಹುಮಟ್ಟಿಗೆ ಮಾತೇ ಇಲ್ಲ, ಜಗಳವನ್ನೂ ಹಾಡಿಯೇ ಆಡುತ್ತಾರೆ. ನಮ್ಮ ಕಂಪನಿ ನಾಟಕದಲ್ಲಿ ಮಾತು ಅರ್ಧ, ಹಾಡು ಅರ್ಧ, ನಡುವೆ ಹಾಸ್ಯದ ದೃಶ್ಯ. ರೂಪದ ಲೆಕ್ಕದಲ್ಲಿ ಒಪೆರಾಕ್ಕೆ ಹತ್ತಿರದ ಬಂಧು ಬೇಕೆಂದರೆ ನಿಮ್ಮ ಭಾಗದ ದೊಡ್ಡಾಟವನ್ನೇ ಹಿಡಿಯಬೇಕು. ಭಾಗವತರ ಪದ, ಮದ್ದಲೆ, ಮುಖವೀಣೆ, ಕುಣಿತ ಎಲ್ಲ ಒಂದೇ ಉಸಿರಿನಲ್ಲಿ ಸಾಗುವ ಆಟ ಅದು. ಆದರೆ ಸಮಾಜದಲ್ಲಿ ಹಿಡಿದಿದ್ದ ಜಾಗದ ಲೆಕ್ಕದಲ್ಲಿ ನಿಮ್ಮ ಹೋಲಿಕೆ ಸರಿಯಾಗಿದೆ. ಊರಿಂದೂರಿಗೆ ಹೋಗುವ ವೃತ್ತಿನಿರತ ಸಂಗೀತ ನಾಟಕದ ಸಂಸ್ಥೆ, ಅದಕ್ಕೊಂದು ಸ್ವಂತ ವಾದ್ಯವೃಂದ, ಪರದೆ, ಪೋಷಾಕು, ಬಾಲನಟರಿಂದ ಹಿಡಿದು ಅಡುಗೆಯವರ ತನಕ ಒಂದು ಸಂಸಾರ, ಇಷ್ಟೂ ಎರಡು ಕಡೆಯೂ ಇದ್ದವು.

ಹಿಡಿದ ದಾರಿ ಮಾತ್ರ ಒಂದಕ್ಕೊಂದು ತಿರುಗುಮುರುಗು. ಅವರು ಹವ್ಯಾಸಿಗಳಾಗಿ ಆರಂಭಿಸಿ ವೃತ್ತಿಯವರಾದರು. ನಮ್ಮಲ್ಲಿ ವೃತ್ತಿ ಕಂಪನಿಗಳು ಮೊದಲು ಬಂದವು, ಅವುಗಳಿಂದ ಕಲಿತ ಹಳ್ಳಿಗರು ಹವ್ಯಾಸಿಗಳಾದರು. 1880ರ ದಶಕಕ್ಕೆ ಮೈಸೂರಿನಲ್ಲಿ ಅರಮನೆಯ ಆಶ್ರಯದ ನಾಟಕ ಸಭೆ ಇತ್ತು. 1884ರಲ್ಲಿ ಗುಬ್ಬಿ ಕಂಪನಿ ಶುರುವಾಯಿತು. ಅತ್ತ ಗದುಗಿನಲ್ಲಿ ಶಾಂತಕವಿಗಳು ಅದಕ್ಕೂ ಮುಂಚೆಯೇ ಕನ್ನಡ ನಾಟಕ ಮಂಡಳಿ ಕಟ್ಟಿದ್ದರು. ಮರಾಠಿ ಸಂಗೀತ ನಾಟಕದ ಅಬ್ಬರದ ಎದುರು ಕನ್ನಡಕ್ಕೂ ಒಂದು ರಂಗಭೂಮಿ ಬೇಕೆಂಬ ಛಲ ಅವರದು. ಆ ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಎಂಬುದು ಬೇರೆಯೇ ತಮಾಷೆ.

ದಾವಣಗೆರೆ ಈ ಕಥೆಯಲ್ಲಿ ಸೇರಿಕೊಂಡದ್ದು ಅದು ನಿಂತ ಜಾಗದಿಂದಾಗಿ. 1956ಕ್ಕೆ ಮುಂಚಿನ ಭೂಪಟ ತೆಗೆದು ನೋಡಿ. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಮುಂಬಯಿ ಪ್ರಾಂತ್ಯ. ಹರಪನಹಳ್ಳಿಯ ಕಡೆ ಹೋದರೆ ಮದರಾಸು ಪ್ರಾಂತ್ಯ, ಬಳ್ಳಾರಿ 1953ರ ತನಕ ಅತ್ತಲೇ ಇತ್ತು. ನಾವು ಮೈಸೂರು ಸಂಸ್ಥಾನದ ಅಂಚಿನಲ್ಲಿದ್ದವರು. ದಕ್ಷಿಣದಿಂದ ಬರುವ ಕಂಪನಿಗೆ ಇದು ಕೊನೆಯ ದೊಡ್ಡ ಮೊಕ್ಕಾಂ, ಹುಬ್ಬಳ್ಳಿ ಕಡೆಯಿಂದ ಬರುವ ಕಂಪನಿಗೆ ಮೊದಲನೆಯದು. ಬೆಂಗಳೂರು–ಪುಣೆ ರೈಲು ಮಾರ್ಗ ಊರ ನಡುವೆಯೇ ಹಾದುಹೋಗಿದೆ. ಪರದೆ, ಸೀನರಿ, ಸಿಂಹಾಸನ, ಟ್ರಂಕುಗಳನ್ನು ಹೊತ್ತು ತಿರುಗುವ ಕಂಪನಿಗೆ ರೈಲಿಗಿಂತ ದೊಡ್ಡ ಉಪಕಾರಿ ಇಲ್ಲ. ಹತ್ತಿ ವ್ಯಾಪಾರವಿತ್ತು, ಬಳಿಕ ಹತ್ತಿ ಗಿರಣಿಗಳು ಬಂದವು. ಗಿರಣಿಯೆಂದರೆ ಕೈಯಲ್ಲಿ ನಗದು ಕೂಲಿ ಇರುವ ಸಾವಿರಾರು ಜನ, ಪಾಳಿ ಮುಗಿಸಿ ಬಂದು ರಾತ್ರಿ ಆಟಕ್ಕೆ ನೆಲದ ಟಿಕೆಟ್ ಕೊಳ್ಳುವವರು. ಹಳೇ ಮೈಸೂರಿನ ಕರ್ನಾಟಕ ಸಂಗೀತದ ರಂಗಗೀತೆಗೂ ಧಾರವಾಡ ಸೀಮೆಯ ಹಿಂದೂಸ್ತಾನಿ ಮಟ್ಟಿಗೂ ಒಂದೇ ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟಿದ ಪ್ರೇಕ್ಷಕ ನಮ್ಮವನು. ಇಲ್ಲಿಯ ಹಳಬರಿಗೆ ಎರಡೂ ಶೈಲಿ ಬಾಯಿಗೆ ಬರುತ್ತವೆ. ಮೈಸೂರಿನಲ್ಲಾಗಲಿ ಗದುಗಿನಲ್ಲಾಗಲಿ ಇಂಥ ಕಿವಿ ಅಪರೂಪವೆಂದೇ ನನ್ನ ಅಭಿಪ್ರಾಯ. ನಮ್ಮೂರಿನವನೆಂಬ ಅಭಿಮಾನ ಸ್ವಲ್ಪ ಬೆರೆತಿದ್ದರೆ ಕ್ಷಮಿಸಿ.

ಈ ನೆಲದಲ್ಲೇ ಬೆಳೆದದ್ದು ಚಿಂದೋಡಿ ವೀರಪ್ಪನವರು ಕಟ್ಟಿದ ಗುರು ಕರಿಬಸವರಾಜೇಂದ್ರ ಕೃಪಾಪೋಷಿತ ನಾಟಕ ಮಂಡಳಿ. ಜನರ ಬಾಯಲ್ಲಿ ಅದು ಕೆಬಿಆರ್ ಕಂಪನಿ. ಅವರ ಮಗಳು ಚಿಂದೋಡಿ ಲೀಲಾ ಎಳೆಯ ವಯಸ್ಸಿನಲ್ಲೇ ಬಣ್ಣ ಹಚ್ಚಿ, ಬೆಳೆದು, ಕಂಪನಿಯ ಹೊಣೆಯನ್ನೂ ಹೊತ್ತರು. 1988ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮುಂದೆ ನಾಟಕ ಅಕಾಡೆಮಿಯ ಅಧ್ಯಕ್ಷರೂ ಆದರು. 2010ರಲ್ಲಿ ತೀರಿಕೊಂಡರು. ಒಬ್ಬ ಹೆಣ್ಣುಮಗಳು ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಾಳೆಂದರೆ ಮನೆ ಬಾಡಿಗೆಗೆ ಕೊಡಲು ಹಿಂಜರಿಯುತ್ತಿದ್ದ ಕಾಲದಲ್ಲಿ ಅವರು ನಟಿಯೂ ಆಗಿ, ಯಜಮಾನಿಯೂ ಆಗಿ ನಿಂತವರು. ಪದ್ಮಶ್ರೀಗಿಂತ ನನಗೆ ಈ ಸಂಗತಿಯೇ ದೊಡ್ಡದಾಗಿ ಕಾಣುತ್ತದೆ.

ಊರಿಗೇನು ಬಂತು ಎಂದು ನಿಮ್ಮ ಹಿರಿಯರು ಕೇಳುವುದು ನ್ಯಾಯವಾಗಿದೆ. ಕಂಪನಿ ಮೊಕ್ಕಾಂ ಹೂಡಿದ ಊರಿನಲ್ಲಿ ಬರೀ ನಾಟಕ ನಡೆಯುತ್ತಿರಲಿಲ್ಲ. ತಿಂಗಳುಗಟ್ಟಲೆ ಅವರು ಅಲ್ಲಿಯೇ ಸಂಸಾರ ಮಾಡುತ್ತಿದ್ದರು. ಹಗಲು ಹೊತ್ತು ಹಾರ್ಮೋನಿಯಂ ಮಾಸ್ತರರ ಬಳಿ ಊರಿನ ನಾಲ್ಕಾರು ಹುಡುಗರು ಸರಿಗಮ ಕಲಿಯಲು ಹೋಗುತ್ತಿದ್ದರು. ತಬಲಾದವರ ಹತ್ತಿರ ಇನ್ನಿಬ್ಬರು. ಕ್ಯಾಂಪ್ ಮುಗಿಯುವ ಹೊತ್ತಿಗೆ ಶಾಲೆಯ ಕಟ್ಟಡಕ್ಕೋ ಗುಡಿಯ ಜೀರ್ಣೋದ್ಧಾರಕ್ಕೋ ಒಂದು ಸಹಾಯಾರ್ಥ ಪ್ರದರ್ಶನ ಕೊಟ್ಟು ಹೋಗುವುದು ಪದ್ಧತಿ. ಕಂಪನಿ ಹೋದ ಮೇಲೂ ಹಾಡು ಊರಿನಲ್ಲೇ ಉಳಿಯುತ್ತಿತ್ತು. ಅದೇ ಮಟ್ಟಿಗೆ ಭಜನೆಯವರು ಬೇರೆ ಪದ ಹೊಂದಿಸಿಕೊಳ್ಳುತ್ತಿದ್ದರು, ಮದುವೆ ಮನೆಯ ವಾಲಗದವರು ಅದನ್ನೇ ನುಡಿಸುತ್ತಿದ್ದರು.

ಇದರ ಅತಿ ದೊಡ್ಡ ಉದಾಹರಣೆ ನಮ್ಮ ನೆರೆಯ ಗದುಗಿನದು. ಪಂಚಾಕ್ಷರಿ ಗವಾಯಿಗಳು ಕಟ್ಟಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಊಟ, ವಸತಿ, ಸಂಗೀತ ಶಿಕ್ಷಣ. ಅದರ ಖರ್ಚಿಗೆ ದಾರಿ ಮಾಡಿಕೊಂಡದ್ದರಲ್ಲಿ ನಾಟಕ ಕಂಪನಿಯೂ ಒಂದು. ಅವರ ನಂತರ ಪುಟ್ಟರಾಜ ಗವಾಯಿಗಳು ಆ ಕಂಪನಿಯನ್ನು ನಡೆಸಿದರು, ಅದಕ್ಕೆ ನಾಟಕಗಳನ್ನೂ ಬರೆದರು. ಊರೂರು ತಿರುಗಿ ಹೇಮರೆಡ್ಡಿ ಮಲ್ಲಮ್ಮನ ಕಥೆ ಆಡುವುದು, ಬಂದ ಹಣದಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕುವುದು. ಹಿಂದೂಸ್ತಾನಿ ಗಾಯನದಲ್ಲಿ ದೇಶಕ್ಕೇ ಹೆಸರಾದ ಬಸವರಾಜ ರಾಜಗುರು ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಹಾಡಿದವರು, ಆಮೇಲೆ ಪಂಚಾಕ್ಷರಿ ಗವಾಯಿಗಳ ಶಿಷ್ಯರಾದವರು. ಮಲ್ಲಿಕಾರ್ಜುನ ಮನ್ಸೂರರೂ ಹುಡುಗನಾಗಿದ್ದಾಗ ಕಂಪನಿಯ ರಂಗದ ಮೇಲೆ ನಿಂತವರೇ. ಈ ಋಣವನ್ನು ಒಂದು ಬಗೆಯಲ್ಲಿ ತೀರಿಸಿದ್ದು ದಾವಣಗೆರೆಯ ಕಂಪನಿ: 1995ರಲ್ಲಿ ಚಿಂದೋಡಿ ಲೀಲಾ ನಿರ್ಮಿಸಿ, ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರಕ್ಕೆ ಸಂಗೀತ ನಿರ್ದೇಶನಕ್ಕೆ ಹಂಸಲೇಖ, ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಹೀಗೆ ಎರಡು ರಾಷ್ಟ್ರಪ್ರಶಸ್ತಿಗಳು ಬಂದವು.

ಹಾಗಾದರೆ ಸೊರಗಿದ್ದೇಕೆ? ಎಲ್ಲರೂ ಟಿ.ವಿ.ಯ ಕಡೆ ಬೆರಳು ತೋರಿಸುತ್ತಾರೆ. ಅಷ್ಟು ಸುಲಭವಿಲ್ಲ. ಸಿನಿಮಾ ಮೊದಲು ಕಂಪನಿಯ ನಟರನ್ನು ಕೊಂಡೊಯ್ದಿತು. 1934ರಲ್ಲಿ ಬಂದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದಲ್ಲಿ ಇದ್ದವರು ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರಂಥ ರಂಗನಟರೇ. ಇಪ್ಪತ್ತು ವರ್ಷದ ಬಳಿಕ ರಾಜ್‌ಕುಮಾರ್ ಕೂಡ ಗುಬ್ಬಿ ಕಂಪನಿಯ ಅಂಗಳದಿಂದಲೇ ಹೋದರು. ಆದರೂ ಕಂಪನಿಗಳು ಆಮೇಲೆ ಅನೇಕ ದಶಕ ಬಾಳಿದವು. ಅವುಗಳನ್ನು ಒಳಗಿನಿಂದ ತಿಂದದ್ದು ಅವುಗಳ ಲೆಕ್ಕಪತ್ರ. ಮೂವತ್ತು ನಲವತ್ತು ಜನರಿಗೆ ದಿನವೂ ಊಟ ಹಾಕಬೇಕು, ಮಳೆ ಬಂದು ಆಟ ನಿಂತ ದಿನವೂ. ಅವತ್ತಿನ ಕಲೆಕ್ಷನ್ನಿನಿಂದಲೇ ಅವತ್ತಿನ ಸಂತೆ. ಕೂಡಿಟ್ಟ ನಿಧಿಯಿಲ್ಲ, ಸಾಲ ಕೊಡುವ ಬ್ಯಾಂಕಿಲ್ಲ. ಊರ ನಡುವಿನ ಬಯಲುಗಳಲ್ಲಿ ಬಸ್ ನಿಲ್ದಾಣ, ಕಾಂಪ್ಲೆಕ್ಸ್ ಎದ್ದ ಮೇಲೆ ಥಿಯೇಟರ್ ಹಾಕಲು ಜಾಗ ಸಿಗಲಿಲ್ಲ. ನಮ್ಮೂರಿನಲ್ಲಂತೂ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದಾಗ ನೆಲದ ಟಿಕೆಟ್ಟಿನ ಪ್ರೇಕ್ಷಕನೇ ಇಲ್ಲವಾದ. ಉಳಿದವರನ್ನು ಹಿಡಿದಿಡಲು ಕೆಲವು ಕಂಪನಿಗಳು ದ್ವಂದ್ವಾರ್ಥದ ಹಾಸ್ಯಕ್ಕೆ ಕೈಹಾಕಿದವು. ಆಗ ಹೆಂಗಸರು, ಮಕ್ಕಳು ಬರುವುದು ನಿಂತಿತು. ಮನೆಮಂದಿಯೆಲ್ಲ ಬರುತ್ತಿದ್ದ ಕಡೆ ಗಂಡಸರು ಮಾತ್ರ ಉಳಿದರೆಂದರೆ ಅರ್ಧ ಟಿಕೆಟ್ ಹೋಯಿತೆಂದೇ ಲೆಕ್ಕ. ಹೊಟ್ಟೆಪಾಡಿಗೆ ಮಾಡಿದ ಆ ತಪ್ಪನ್ನು ನಾನು ದೂರುವುದಿಲ್ಲ, ಆದರೆ ಮುಚ್ಚಿಡುವುದೂ ಇಲ್ಲ.

ಸರ್ಕಾರ ಏನು ಮಾಡಿತು? ಕಂಪನಿಗಳಿಗೆ ಅನುದಾನವೆಂದು ಒಂದಿಷ್ಟು ಕೊಡುತ್ತ ಬಂದಿದೆ. ಆದರೆ 1989ರಲ್ಲಿ ಮೈಸೂರಿನಲ್ಲಿ ಸರ್ಕಾರದ ನಾಟಕ ಸಂಸ್ಥೆಯಾದ ರಂಗಾಯಣ ಶುರುವಾದಾಗ ಅದು ಆಧುನಿಕ ರಂಗಭೂಮಿಗಾಗಿ ಕಟ್ಟಿದ ಮನೆ. ಕಂಪನಿಯವರು ಅಲ್ಲಿ ಅತಿಥಿಗಳೇ ಹೊರತು ಮನೆಯವರಲ್ಲ. ವೃತ್ತಿ ರಂಗಭೂಮಿಗೆಂದೇ ದಾವಣಗೆರೆಯಲ್ಲಿ ಒಂದು ರಂಗಾಯಣ ಬಂದದ್ದು ಬಹಳ ತಡವಾಗಿ. ತಡವಾದರೂ ಬಂತಲ್ಲ ಎಂದು ಸಂತೋಷಪಡೋಣ. ಅದಕ್ಕೆ ನನ್ನದೊಂದು ಕೋರಿಕೆ ಮಾತ್ರ ಇದೆ: ಉತ್ಸವಗಳ ಸಂಖ್ಯೆಗಿಂತ, ಹಳೆಯ ಮಟ್ಟುಗಳನ್ನು ಬಲ್ಲ ಮಾಸ್ತರರನ್ನು ಕೂರಿಸಿ ಹಾಡಿಸಿ, ಧ್ವನಿಮುದ್ರಿಸಿ, ಹುಡುಗರಿಗೆ ಕಲಿಸುವ ಕೆಲಸಕ್ಕೆ ಹೆಚ್ಚು ದುಡ್ಡು ಹೋಗಲಿ. ಅವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು.

‘ಅವರದು ಉಳಿಯಿತು’ ಎಂದು ಬರೆದಿದ್ದೀರಿ. ಪೂರ್ತಿ ನಿಜವಲ್ಲ. ಒಪೆರಾ ಕೂಡ ಟಿಕೆಟ್ಟಿನಿಂದ ಬದುಕುವ ಕಲೆಯಲ್ಲ, ಸರ್ಕಾರಿ ಕಲಾ ಮಂಡಳಿಗಳ ಹಣದಿಂದ ಬದುಕುವಂಥದ್ದು. ವೆಲ್ಷ್ ಕಂಪನಿಗೆ ಇಂಗ್ಲೆಂಡ್, ವೇಲ್ಸ್ ಎರಡೂ ಕಡೆಯ ಮಂಡಳಿಗಳು ಹಣ ಕೊಡುತ್ತವೆ. 2022ರಲ್ಲಿ ಇಂಗ್ಲೆಂಡಿನ ಮಂಡಳಿ ತನ್ನ ಪಾಲನ್ನು ಮೂರನೇ ಒಂದು ಭಾಗಕ್ಕೂ ಹೆಚ್ಚು ಕಡಿತ ಮಾಡಿತು. ಬಳಿಕ ಬ್ರಿಸ್ಟಲ್, ಲಾಂಡಡ್ನೊ ಊರುಗಳ ಪ್ರವಾಸವನ್ನೇ ಕೈಬಿಡಬೇಕಾಯಿತು. 2024ರಲ್ಲಿ ವಾದಕರೂ ಮೇಳದವರೂ ತಮ್ಮ ಕೆಲಸ ಮತ್ತು ಸಂಬಳದ ಕಡಿತದ ವಿರುದ್ಧ ದನಿ ಎತ್ತಿದರು. ಆ ಹೊತ್ತಿನಲ್ಲಿ ಅವರ ಪರ ನಿಂತ ಜನ ಏನು ಹೇಳಿದರೆಂಬುದನ್ನು ಗಮನಿಸಿ. ಅದ್ಭುತವಾಗಿ ಹಾಡುತ್ತಾರೆ ಎಂದಷ್ಟೇ ಅಲ್ಲ, ನಮ್ಮ ಮಕ್ಕಳಿಗೆ ಕಲಿಸುತ್ತಾರೆ, ಶಾಲೆಗಳಿಗೆ ಬರುತ್ತಾರೆ ಎಂದರು. ಕೋವಿಡ್ ಬಂದು ಹೋದ ಮೇಲೂ ಉಸಿರಾಟದ ತೊಂದರೆ ಉಳಿದವರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಜೊತೆ ಸೇರಿ ಹಾಡಿನ ಮೂಲಕ ಉಸಿರಾಟ ಕಲಿಸುವ ಕೆಲಸವನ್ನೂ ಈ ಕಂಪನಿ ಮಾಡಿದೆ. ಕಾರ್ಡಿಫ್‌ನಲ್ಲಿ ರಂಗದ ಮೇಲ್ಗಡೆ ಇಂಗ್ಲಿಷಿನ ಜೊತೆ ವೆಲ್ಷ್ ಭಾಷೆಯಲ್ಲೂ ಹಾಡಿನ ಅರ್ಥ ಮೂಡುವುದನ್ನು ನೀವೂ ನೋಡಿರಬಹುದು. ಕಂಪನಿ ಊರಿನ ಬದುಕಿನೊಳಗೆ ಬೇರು ಬಿಟ್ಟಿದ್ದರೆ ಕಷ್ಟಕಾಲದಲ್ಲಿ ವಾದಿಸುವವರು ಸಿಗುತ್ತಾರೆ. ನಮ್ಮ ಕಂಪನಿಗಳಿಗೂ ಬೇರಿತ್ತು. ವಾದಿಸುವ ಅಭ್ಯಾಸ ನಮಗಿರಲಿಲ್ಲ.

ಈಗ ನಿಮ್ಮೂರಿಗೆ ಬರೋಣ. ಕಂಪನಿ ಹೋಯಿತೆಂದು ನಾವು ಗೋಳಾಡುತ್ತಿರುವಾಗ ಅದು ಕಲಿಸಿದ್ದು ಹಳ್ಳಿಗಳಲ್ಲಿ ಉಳಿದುಕೊಂಡಿದೆ. ಚಳ್ಳಕೆರೆ, ಹಿರಿಯೂರು ಕಡೆ ‘ಕುರುಕ್ಷೇತ್ರ’ದ ಹುಚ್ಚು ಇವತ್ತಿಗೂ ಇಳಿದಿಲ್ಲ. ನಿಮ್ಮ ಕಡೆ ಪೌರಾಣಿಕದ ಜೊತೆ ಸಾಮಾಜಿಕ ನಾಟಕಗಳೂ ನಡೆಯುತ್ತವೆ, ಬಯಲಾಟವೂ ಇದೆ. ನಾಟಕದ ವಿದ್ವಾಂಸರು ಇದನ್ನು ಕಂಪನಿಯ ಕಳಪೆ ನಕಲು ಎಂದು ಬದಿಗೆ ಸರಿಸುತ್ತಾರೆ. ನಾನು ಒಪ್ಪುವುದಿಲ್ಲ. ಕಾರ್ಡಿಫ್‌ನ ಗಣಿ ಕಾರ್ಮಿಕರು 1946ರಲ್ಲಿ ಮಾಡಿದ್ದನ್ನೇ ನಮ್ಮ ಶೇಂಗಾ ಬೆಳೆಗಾರರು ಇವತ್ತು ಮಾಡುತ್ತಿದ್ದಾರೆ.

ಆ ತಾಲೀಮು ಹೇಗೆ ನಡೆಯುತ್ತದೆಂಬುದು ನಿಮಗೆ ಗೊತ್ತೇ ಇದೆ, ಆದರೂ ಹೊರಗಿನ ಓದುಗರಿಗಾಗಿ ಹೇಳುತ್ತೇನೆ. ಊರವರು ಸೇರಿ ಒಬ್ಬ ಹಾರ್ಮೋನಿಯಂ ಮಾಸ್ತರರನ್ನು ಗೊತ್ತುಮಾಡುತ್ತಾರೆ. ಅವರಿಗೆ ಸಂಭಾವನೆ, ಊಟ, ಉಳಿಯಲು ಒಂದು ಕೋಣೆ. ಎರಡು ಮೂರು ತಿಂಗಳು ರಾತ್ರಿ ಊಟವಾದ ಮೇಲೆ ಗುಡಿಯ ಪೌಳಿಯಲ್ಲೋ ಶಾಲೆಯ ಜಗುಲಿಯಲ್ಲೋ ಕಲಿಕೆ. ಓದು ಬರದವನಿಗೂ ಮಾಸ್ತರರು ಕಿವಿಯ ಮೂಲಕವೇ ಕಂದಪದ್ಯ ಕಲಿಸುತ್ತಾರೆ. ಶ್ರುತಿ ತಪ್ಪಿದರೆ ಪೇಟಿಯ ಮೇಲೆ ಆ ಸ್ವರವನ್ನು ಹಿಡಿದು ನಿಲ್ಲಿಸುತ್ತಾರೆ, ಅವನು ಬಂದು ಸೇರುವ ತನಕ. ಹಗಲೆಲ್ಲ ಬೋರ್‌ವೆಲ್ ಮೋಟಾರು, ಸೊಸೈಟಿ ಸಾಲ ಎನ್ನುತ್ತಿದ್ದವನು ರಾತ್ರಿ ಎಮ್ಮೆ ಹಾಲು ಕರೆಯುವಾಗಲೂ ಕೃಷ್ಣಸಂಧಾನದ ಮಾತು ಗುನುಗುತ್ತಿರುತ್ತಾನೆ. ಹೆಂಡತಿ ಮಕ್ಕಳಿಗೆ ಅವನಿಗಿಂತ ಮೊದಲೇ ಪಾಠ ಬಾಯಿಗೆ ಬಂದಿರುತ್ತದೆ. ಹಬ್ಬದ ದಿನ ಸೀನರಿಯವರು ಲಾರಿಯಲ್ಲಿ ಪರದೆ, ದೀಪ, ಮೈಕು, ಕಿರೀಟ, ಗದೆ ಎಲ್ಲ ತರುತ್ತಾರೆ. ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ಅವರು ಊರಿನ ಯಾವ ದುರ್ಯೋಧನನ ಜೊತೆಯೂ ತಾಲೀಮು ಮಾಡಿದವರಲ್ಲ. ಆದರೂ ಬಂದು ನಿಂತ ಗಳಿಗೆಯಿಂದ ಇಡೀ ನಾಟಕವನ್ನು ಹೊತ್ತು ನಡೆಸುವವರು ಅವರೇ. ನಮ್ಮ ಜಿಲ್ಲೆಗಳಲ್ಲಿ ನಿಜವಾದ ವೃತ್ತಿ ರಂಗಭೂಮಿ ಇವತ್ತು ಯಾವ ಕಂಪನಿಯಲ್ಲೂ ಇಲ್ಲ. ಈ ಮಾಸ್ತರರು, ಸೀನರಿಯವರು, ತಬಲಾದವರು, ಈ ಕಲಾವಿದೆಯರು, ಇವರಲ್ಲಿ ಹರಿದು ಹಂಚಿಹೋಗಿದೆ. ಕಂಪನಿ ಒಡೆದ ಮೇಲೆ ಅದರ ಕಸುಬುದಾರರು ಹಳ್ಳಿಯ ಹಂಗಾಮಿನ ಮೇಲೆ ಬದುಕಿಕೊಂಡರು. ನಿಮ್ಮ ಊರು ನಾಟಕ ಆಡಿದರೆ ಹಣ ಹೋಗುವುದು ಇವರ ಮನೆಗೆ.

ಹುಳುಕುಗಳೂ ಇವೆ. ಪಾತ್ರಕ್ಕೆ ಇಷ್ಟೆಂದು ಹಣ ಹಾಕಿಸಿಕೊಳ್ಳುವ ಪದ್ಧತಿಯಿಂದ ದುಡ್ಡಿದ್ದವನಿಗೆ ದುರ್ಯೋಧನ, ಇಲ್ಲದವನಿಗೆ ದೂತ ಎಂದಾಗಿಬಿಡುತ್ತದೆ. ಗಂಟಲಿರುವ ಬಡ ಹುಡುಗ ಪರದೆ ಎಳೆಯುತ್ತ ನಿಲ್ಲುತ್ತಾನೆ. ಇದನ್ನು ನಿಮ್ಮೂರಿನಲ್ಲಿ ಮುರಿಯಿರಿ. ಖರ್ಚನ್ನು ಊರ ಪಟ್ಟಿಯಿಂದ ಎತ್ತಿ, ಪಾತ್ರ ಹಂಚುವ ಅಧಿಕಾರವನ್ನು ಮಾಸ್ತರರಿಗೇ ಬಿಡಿ. ಕಾರ್ಡಿಫ್‌ನ ಮೇಳಕ್ಕೆ ಸೇರಲು ಗಂಟಲು ಬೇಕಿತ್ತು, ಗದ್ದೆ ಬೇಕಿರಲಿಲ್ಲ. ಎರಡನೆಯದು ಆಯೇರಿ. ಭಾವಮೈದುನ, ಬೀಗರು, ಗೆಳೆಯರ ಬಳಗ ಸಾಲಾಗಿ ರಂಗಕ್ಕೆ ಹತ್ತಿ ಹಾರ ಹಾಕಿ, ನೋಟು ಚುಚ್ಚಿ, ಮೈಕಿನಲ್ಲಿ ಹೆಸರು ಕೂಗಿಸುವಷ್ಟರಲ್ಲಿ ಭೀಮ ಎತ್ತಿದ ಗದೆ ಇಳಿಸಿ ಬೀಡಿ ಸೇದಿ ಬಂದಿರುತ್ತಾನೆ. ಪ್ರೀತಿಯನ್ನು ಬೇಡವೆನ್ನಲಾಗದು. ನಾಟಕ ಆರಂಭವಾಗುವ ಮುನ್ನ ಅರ್ಧ ಗಂಟೆ ಅದಕ್ಕೆಂದೇ ಇಟ್ಟುಬಿಡಿ.

ಹೊರಗಿನ ತಂಡವೇ ಬೇಡವೆಂದು ನಾನು ಹೇಳುತ್ತಿಲ್ಲ. ಒಂದು ರಾತ್ರಿ ಊರವರ ನಾಟಕ, ಇನ್ನೊಂದು ರಾತ್ರಿ ಹೊರಗಿನವರದ್ದು ಇರಲಿ. ಅದಕ್ಕೆ ದೂರ ಹುಡುಕಬೇಕಿಲ್ಲ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಮುಂದಾಳತ್ವದಲ್ಲಿ 1997ರಿಂದ ಶಿವಸಂಚಾರ ನಡೆದಿದೆ. ವರ್ಷಕ್ಕೆ ಮೂರು ನಾಟಕ ಕಟ್ಟಿ, ನಟರನ್ನು ಸಂಬಳದ ಮೇಲೆ ಇಟ್ಟುಕೊಂಡು, ನಾಡಿನುದ್ದಕ್ಕೂ ತಿರುಗುವ ತಂಡ ಅದು. ರಂಗಶಾಲೆಯಿದೆ, ಗ್ರೀಕ್ ಮಾದರಿಯ ಬಯಲು ರಂಗಮಂದಿರವಿದೆ, ವರ್ಷಕ್ಕೊಮ್ಮೆ ನಾಟಕೋತ್ಸವವೂ ಇದೆ. ಒಂದು ಹಳ್ಳಿಯಲ್ಲಿ ಕೂತು ಸಂಚಾರಿ ರಂಗತಂಡವನ್ನು ಇಷ್ಟು ವರ್ಷ ನಡೆಸುವುದು ಸಣ್ಣ ಸಾಧನೆಯಲ್ಲ. ಗುಬ್ಬಿ ವೀರಣ್ಣನವರ ವೈಭವ ಅಲ್ಲಿಲ್ಲ, ಬೇಕಾಗಿಯೂ ಇಲ್ಲ. ಅವರ ಆಟದ ಶಿಸ್ತನ್ನು ನಿಮ್ಮ ಹುಡುಗರು ಹತ್ತಿರದಿಂದ ನೋಡಲಿ. ಅದೇ ಬಗೆಯ ಇನ್ನೊಂದು ಪಾಠಶಾಲೆ ಬಾದಾಮಿಯ ಬನಶಂಕರಿ ಜಾತ್ರೆ. ಬನದ ಹುಣ್ಣಿಮೆಯಿಂದ ಅನೇಕ ಕಂಪನಿಗಳು ಅಲ್ಲಿ ಒಟ್ಟಿಗೇ ಥಿಯೇಟರ್ ಹಾಕಿರುತ್ತವೆ. ಹುಡುಗರನ್ನು ಒಂದು ಟೆಂಪೋದಲ್ಲಿ ಕೂರಿಸಿಕೊಂಡು ಹೋಗಿ ಬನ್ನಿ.

ವ್ಯವಹಾರದ ಕೆಲವು ಮಾತು ಹೇಳಿ ಮುಗಿಸುತ್ತೇನೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬಳಸುವಂತಿಲ್ಲ ಎಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಲ್ಲಿ ಸರ್ಕಾರ ವರ್ಷಕ್ಕೆ ಹದಿನೈದು ದಿನ ಮೀರದಂತೆ ಹನ್ನೆರಡರ ತನಕ ಸಡಿಲಿಕೆ ಕೊಡಬಹುದು. ಬೆಳಗಿನ ತನಕ ಕುರುಕ್ಷೇತ್ರ ಆಡುತ್ತೇವೆಂದರೆ ಯಾರಾದರೂ ಒಬ್ಬರು ದೂರು ಕೊಟ್ಟರೂ ಮೂರನೇ ಅಂಕದಲ್ಲಿ ಪೊಲೀಸರು ಪ್ರವೇಶ ಮಾಡುತ್ತಾರೆ. ಆದ್ದರಿಂದ ಸಂಜೆ ಆರಕ್ಕೇ ಪರದೆ ಎತ್ತಿ, ಪುನರುಕ್ತಿಯ ಪದ್ಯಗಳನ್ನು ಮಾಸ್ತರರ ಒಪ್ಪಿಗೆಯಿಂದ ಕತ್ತರಿಸಿ, ಅನುಮತಿ ಪತ್ರವನ್ನು ಮೊದಲೇ ತೆಗೆದುಕೊಳ್ಳಿ.

ಬರುವ ಕಲಾವಿದೆಯರಿಗೆ ಬಾಗಿಲು ಹಾಕಿಕೊಳ್ಳಬಹುದಾದ ಬಣ್ಣದ ಕೋಣೆ, ಶೌಚಾಲಯ, ರಾತ್ರಿ ಮರಳಿ ಹೋಗಲು ವಾಹನ, ಇವು ಒಪ್ಪಂದದಲ್ಲೇ ಇರಲಿ. ಪೂರ್ತಿ ಹಣ ಅವರು ಬಣ್ಣ ಹಚ್ಚುವ ಮುನ್ನ ಕೈಗೆ ಸೇರಬೇಕು, ಬೆಳಗಾದ ಮೇಲೆ ಯಜಮಾನರನ್ನು ಹುಡುಕಿಕೊಂಡು ಅಲೆಯುವಂತಾಗಬಾರದು. ನಿಮ್ಮೂರಿನ ಹೆಣ್ಣುಮಕ್ಕಳೇ ಪಾತ್ರ ಮಾಡಲು ಮುಂದೆ ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ. ನೀವು ಕಲಿಸಿದ ಶಿಷ್ಯೆಯರ ಮನೆಗಳಿಗೆ ನೀವೇ ಹೋಗಿ ಕೇಳಿದರೆ ಒಂದಿಬ್ಬರಾದರೂ ಒಪ್ಪಿಯಾರು. ಜಾತ್ರೆ ಫಾಲ್ಗುಣದಲ್ಲಿದ್ದರೆ ಕಾರ್ತಿಕದಲ್ಲೇ ಮಾಸ್ತರರನ್ನು ಗೊತ್ತುಮಾಡಿಕೊಳ್ಳಿ. ಒಳ್ಳೆಯ ಪೇಟಿ ಮಾಸ್ತರರು ಹಂಗಾಮಿನಲ್ಲಿ ಒಂದೇ ಹೊತ್ತಿಗೆ ಎರಡು ಮೂರು ಊರು ಒಪ್ಪಿಕೊಂಡಿರುತ್ತಾರೆ. ವಾರದಲ್ಲಿ ಯಾವ ಯಾವ ರಾತ್ರಿ ನಿಮ್ಮೂರಿಗೆ ಬರುತ್ತಾರೆಂಬುದನ್ನು ಮುಂಗಡ ಕೊಡುವ ಮೊದಲೇ ಬಾಯಿಬಿಟ್ಟು ಕೇಳಿ.